ಕಾಗದ ಹರಿಯುತ್ತಿದ್ದ ಪಾಳಿ

ಚಳ್ಳಕೆರೆ
18-11-2024

ಚಿ. ಸೌ. ನಾಗರತ್ನಳಿಗೆ ಅಪ್ಪ ಮಾಡುವ ಆಶೀರ್ವಾದ.

ಇಲ್ಲಿ ನಾನು, ನಿನ್ನ ಅವ್ವ, ನಿನ್ನ ಗಂಡ ಮೂವರೂ ಉಂಡುಕೊಂಡು ನೆಟ್ಟಗಿದ್ದೇವೆ. ಮೊಳಕಾಲ್ಮೂರಿನಲ್ಲಿ ನಿನ್ನ ಅತ್ತೆ ಹೇಗಿದ್ದಾಳೆ ಎಂದು ನಾನು ಕೇಳುವುದಿಲ್ಲ. ನಿನಗೆ ಅತ್ತೆಯಾಗುವುದಕ್ಕೆ ಮುಂಚೆಯೇ ಅವಳು ನನಗೆ ತಂಗಿ. ಮಂಡಿ ನೋವು ಜಾಸ್ತಿಯಾದರೆ ಫೋನ್ ಮಾಡಿ, ಆ ನೋವನ್ನು ನಾನೇ ತಂದು ಹಾಕಿದ ಹಾಗೆ ಬೈಯುತ್ತಾಳೆ. ಈ ವಾರ ಬೈದಿಲ್ಲ. ಅಂದರೆ ಚೆನ್ನಾಗಿದ್ದಾಳೆ.

ಕಾಗದ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ದೀಪಾವಳಿಗೆ ಮುಂಚಿನಿಂದಲೂ ನೀನು ಕೇಳುತ್ತಲೇ ಇದ್ದೀಯ: "ಅಪ್ಪ, ಮಿಲ್‌ನಾಗೆ ಏನಾಗೈತೆ? ರಜಕ್ಕೆ ಬಂದ್ರೆ ಇವ್ರು ಮಾತೇ ಆಡಲ್ಲ. ಗೋಡೆ ನೋಡ್ಕಂಡು ಕೂತಿರ್ತಾರೆ." ಫೋನಿನಲ್ಲಿ ಹೇಳೋಣವೆಂದರೆ ನಾನು ಎರಡನೇ ಮಾತಿಗೆ ಕೂಗಾಡುತ್ತೇನೆ, ನೀನು ಮೂರನೇ ಮಾತಿಗೆ ಕಟ್ ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದವನು ನಾನು. ಅಕ್ಷರ ಸೊಟ್ಟಗಿದ್ದರೆ ಕಾಗದವನ್ನೂ ಸೊಟ್ಟಗೆ ಹಿಡಿದು ಓದು.

ವಿಷಯ ಇಷ್ಟೇ. ನಮ್ಮ ಮಿಲ್‌ನಲ್ಲಿ ಕಾಗದ ಹರಿಯುತ್ತಿತ್ತು. ಪೇಪರ್ ಮಿಲ್‌ನಲ್ಲಿ ಕಾಗದ ಹರಿಯದೆ ರೇಷ್ಮೆ ಸೀರೆ ಹರಿಯುತ್ತದಾ ಎಂದು ಮಗ್ಗದ ಮುಂದೆ ಕೂತು ನಗಬೇಡ. ನೀನು ಒಳಗೆ ಬಂದು ನೋಡಿದವಳಲ್ಲ, ಕೇಳು. ರದ್ದಿ, ಹಳೇ ರಟ್ಟಿನ ಡಬ್ಬಿ ಎಲ್ಲವನ್ನೂ ಒಂದು ದೊಡ್ಡ ತೊಟ್ಟಿಗೆ ಹಾಕಿ ನೀರು ಬಿಟ್ಟು ಅರೆಯುತ್ತೇವೆ. ನಿನ್ನ ಅವ್ವನ ಗ್ರೈಂಡರು ಒಂದು ಕೋಣೆಯಷ್ಟು ಬೆಳೆದರೆ ಹೇಗೋ ಹಾಗೆ. ಆ ಹಿಟ್ಟು ಜಾಲರಿಯ ಮೇಲೆ ತೆಳ್ಳಗೆ ಹರಡಿ, ನೀರು ಬಸಿದು, ಕಾದ ಉರುಳೆಗಳನ್ನು ಸುತ್ತಿಕೊಂಡು ಹೋಗುತ್ತಾ ಒಣಗಿ, ಆ ತುದಿಯಲ್ಲಿ ಕಂದು ಕಾಗದದ ಸುರುಳಿಯಾಗಿ ಬರುತ್ತದೆ. ಹಿಟ್ಟು ನೀರಾದರೆ ದೋಸೆ ಹೆಂಚಿನಿಂದ ಏಳುವಾಗ ಹರಿಯುವುದಿಲ್ಲವಾ? ಇಲ್ಲಿಯೂ ಅದೇ. ಹರಿದರೆ ಮಷೀನು ನಿಲ್ಲಿಸಬೇಕು, ಬಿಸಿ ಉರುಳೆಗೆ ಅಂಟಿದ್ದನ್ನು ಕಿತ್ತು ತೆಗೆಯಬೇಕು, ಮತ್ತೆ ತುದಿ ಹಿಡಿದು ಏರಿಸಬೇಕು. ಕೈ ಸುಡುತ್ತದೆ. ಆಗ ನನ್ನ ಬಾಯಿ ಹೇಗಿರುತ್ತದೆ ಎಂದು ನಿನಗೆ ಗೊತ್ತು.

ಅಪರೂಪಕ್ಕೊಮ್ಮೆ ಹರಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಮತ್ತೆ ಮತ್ತೆ, ಅದೂ ಒಂದೇ ಪಾಳಿಯಲ್ಲಿ. ತೊಟ್ಟಿಯ ಅಟ್ಟದ ಮೇಲೆ ರದ್ದಿ ಹಾಕುವವನು ಕೆಂಚಣ್ಣ, ಕೆಳಗೆ ನೀರಿನ ವಾಲ್ವು ತಿರುಗಿಸುವವನು ನಿನ್ನ ಗಂಡ ಅಂಜನ್. ಇವರಿಬ್ಬರೂ ಕೂಡಿದ ದಿನ ಕಾಗದ ಹರಿಯುತ್ತದೆ. ಕೆಂಚಣ್ಣ ಬೇರೆಯವರ ಜೊತೆಗಿದ್ದರೆ ಹರಿಯುವುದಿಲ್ಲ. ಅಂಜನ್ ಬೇರೆಯವರ ಜೊತೆಗಿದ್ದರೂ ಹರಿಯುವುದಿಲ್ಲ. ಗಂಡು ಹೆಣ್ಣಿಗೆ ಜಾತಕ ಕೂಡದ್ದು ಕೇಳಿದ್ದೇನೆ. ತೊಟ್ಟಿಗೂ ವಾಲ್ವಿಗೂ ಕೂಡದ್ದು ಇದೇ ಮೊದಲು.

ಒಬ್ಬೊಬ್ಬರು ಒಂದೊಂದು ಹೇಳಿದರು. ಮದುವೆ ಕಾರ್ಡಿನ ಮಿಂಚುಕಾಗದ ರದ್ದಿಯಲ್ಲಿ ಸೇರಿಕೊಂಡಿದೆ ಎಂದರು. ಆರಿಸಿ ಎಸೆದೆವು. ಕರೆಂಟು ಏರಿಳಿಯುತ್ತಿದೆ ಎಂದವನು ನಾನು. ಅದೂ ಸುಳ್ಳಾಯಿತು. ಮಾಲೀಕ ಹಾಲೇಶಪ್ಪನವರ ಮನೆಯವರು ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ಉರುಳೆಯ ಬಿಸಿಗೆ ಮೆಣಸಿನಕಾಯಿ ಘಾಟೆದ್ದು ಪಾಳಿಯವರೆಲ್ಲ ಕೆಮ್ಮಿದೆವು. ಕಾಗದ ತನ್ನ ಪಾಡಿಗೆ ತಾನು ಹರಿಯಿತು.

ಹಿಟ್ಟು ನೀರಾಗುತ್ತಿದೆ ಎಂಬುದು ಮಾತ್ರ ಅಷ್ಟರಲ್ಲಿ ಗೊತ್ತಾಗಿತ್ತು. ಹಾಲೇಶಪ್ಪನವರು ಇಬ್ಬರನ್ನೂ ಕರೆಸಿ ನಿಲ್ಲಿಸಿದರು.

"ತೊಟ್ಟಿ ತಾವ ನೀನೇನ್ ಹೇಳ್ದೆ ಕೆಂಚಣ್ಣ?"

"ಚಾಲು ಅಂದೆ ಸಾವ್ಕಾರ್ರೆ."

"ಅಂಜನ್, ಅವನೇನಂದ?"

"ಚಾಲು ಅಂದ್ರು."

"ನೀನು ಮಾಡ್ದ್ಯಾ?"

"ಮಾಡ್ದೆ."

"ಮಾಡಿದ್ನೇನಪ್ಪ ಕೆಂಚಣ್ಣ?"

"ಮಾಡೇ ಇರ್ತಾನೆ ಬಿಡ್ರಿ. ಮಾತು ಮೀರೋ ಹುಡುಗ ಅಲ್ಲ."

ಹೇಳಿದವನ ಮಾತು, ಕೇಳಿದವನ ಮಾತು ತಕ್ಕಡಿಯಲ್ಲಿಟ್ಟರೆ ಸಮ. ಹರಿದ ಕಾಗದ ಮಾತ್ರ ನೆಲದ ತುಂಬ ರಾಶಿ. ಹಾಲೇಶಪ್ಪನವರು ಎಣ್ಣೆ ಮಿಲ್ಲು ನಡೆಸಿ ಬಂದವರು. ಎಣ್ಣೆ ಸೋರಿದರೆ ಡಬ್ಬ ಹಿಡಿದವನನ್ನೇ ಕೇಳುವುದು ಅವರ ರೂಢಿ. ನೀರು ಜಾಸ್ತಿಯಾದರೆ ವಾಲ್ವು ಹಿಡಿದವನದೇ ತಪ್ಪು, ಇನ್ನೊಂದು ಸಲ ಹರಿದರೆ ಅಂಜನ್ ಮೊಳಕಾಲ್ಮೂರು ಬಸ್ಸು ಹತ್ತಲಿ ಎಂದುಬಿಟ್ಟರು. ನಿನ್ನ ಗಂಡ "ಮಾವ" ಎಂದು ನನ್ನ ಕಡೆ ತಿರುಗಿದ. ನನಗೂ ಸಿಟ್ಟು ನೆತ್ತಿಗೇರಿತ್ತು. ಏನೋ ಅಂದೆ. ಅದಿರಲಿ.

ಆ ಹೊತ್ತಿಗೆ ದಾವಣಗೆರೆಯಿಂದ ದಾಕ್ಷಾಯಿಣಿ ಎಂಬ ಇಂಜಿನಿಯರು ಕೆಲಸಕ್ಕೆ ಬಂದಿದ್ದಳು. ನಿನ್ನ ವಯಸ್ಸಿನವಳು. ಬಂದ ದಿನವೇ ನನಗೂ ಅವಳಿಗೂ ಜಗಳ.

"ಮೇಸ್ತ್ರಿಗಳೇ, ಕಾಗದ ಎಲ್ಲಿ ಹರೀತು?"

"ಉರುಳೆ ಹತ್ರ."

"ಅದಕ್ಕೆ ಮುಂಚೆ ಎಲ್ಲಿತ್ತು?"

"ಜಾಲರಿ ಮ್ಯಾಲೆ."

"ಅದಕ್ಕೂ ಮುಂಚೆ?"

"ಶೆಟ್ರ ಅಂಗಡಿಯಾಗೆ ಸಕ್ಕರೆ ಪೊಟ್ಣ ಆಗಿತ್ತು ಕಣಮ್ಮ! ಹೋಗಿ ಅವ್ರನ್ನ ಕೇಳು."

ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸುತ್ತಿದ್ದರು. ಇವಳು ನಕ್ಕು, "ಶೆಟ್ರ ಅಂಗಡಿಗಿಂತ ಸ್ವಲ್ಪ ಈಚೆ ಇರಬಹುದು, ನೋಡೋಣ" ಎಂದಳು. ಕಳ್ಳನ ಹೆಜ್ಜೆ ಹಿಡಿದು ಹಿಂದಕ್ಕೆ ಹೋಗುವ ಹಾಗೆ ಉರುಳೆಯಿಂದ ಜಾಲರಿ, ಜಾಲರಿಯಿಂದ ತೊಟ್ಟಿ ಎಂದು ನಡೆಯತೊಡಗಿದಳು. ಇಬ್ಬರನ್ನೂ ಬೇರೆ ಬೇರೆ ಪಾಳಿಗೆ ಹಾಕಿದರೆ ಮುಗಿಯಿತಲ್ಲ ಎಂದು ನಾನು ಹೇಳಿದೆ.

"ಹರಿಯೋದು ನಿಲ್ಲುತ್ತೆ ಮೇಸ್ತ್ರಿ. ಯಾಕೆ ಹರೀತಿತ್ತು ಅನ್ನೋದು ಮಾತ್ರ ಗೊತ್ತಾಗಲ್ಲ. ನಾಳೆ ಇನ್ಯಾರೋ ಇಬ್ಬರು ಕೂಡ್ತಾರೆ, ಮತ್ತೆ ಹರಿಯುತ್ತೆ." ಸ್ವಲ್ಪ ದಿನ ತಡೆಯಿರಿ ಎಂದು ಹಾಲೇಶಪ್ಪನವರನ್ನೂ ಅವಳೇ ಒಪ್ಪಿಸಿದಳು.

ಅವಳ ಮೇಲೆ ಸಿಟ್ಟು ಹಾಗೇ ಇತ್ತು. ಆದರೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಜೋಳದ ಹಾಗೆ. ನಾಲಿಗೆ ಅಲ್ಲಿಗೇ ಹೋಗುತ್ತದೆ. ಯಾಕೆ ಹರಿಯುತ್ತದೆ? ಸ್ನಾನ ಮಾಡುವಾಗಲೂ ಅದೇ, ಬಸ್ಸಿನಲ್ಲಿ ಕೂತರೂ ಅದೇ. ನಿನ್ನ ಅವ್ವ "ಯಾರ ಜತೆ ಮಾತಾಡ್ತೀಯ?" ಎಂದು ಕೇಳಿದಳು. ಕಾಗದದ ಜೊತೆ ಎಂದೆ.

ಕಳೆದ ಗುರುವಾರ ಗೇಟಿನ ಪಕ್ಕದ ಜುಂಜಪ್ಪನ ಅಂಗಡಿಯಲ್ಲಿ ಎಲ್ಲರೂ ಟೀಗೆ ನಿಂತಿದ್ದೆವು. ಜುಂಜಪ್ಪ ಕೆಂಚಣ್ಣನ ಲೋಟಕ್ಕೆ ಬಗ್ಗಿಸುತ್ತಿದ್ದ. ಕೆಂಚಣ್ಣ ಲೋಟದ ಮೇಲೆ ಅಂಗೈ ಅಡ್ಡ ಹಿಡಿದು, "ಚಾಲು, ಚಾಲು" ಎಂದ. ಜುಂಜಪ್ಪ ಕೆಟಲು ಎತ್ತಿದ.

ದಾಕ್ಷಾಯಿಣಿ ಕುಡಿಯುತ್ತಿದ್ದುದನ್ನು ನಿಲ್ಲಿಸಿದಳು. "ಅವರು ಚಾಲು ಅಂದ್ರು. ನೀವ್ಯಾಕೆ ನಿಲ್ಲಿಸಿದ್ರಿ?"

"ಸಾಕು ಅಂದ್ರಲ್ಲ ತಾಯಿ," ಎಂದ ಜುಂಜಪ್ಪ.

"ಇಲ್ಲಪ್ಪ, ಚಾಲು ಅಂದ್ರು."

"ಅದೇ ತಾಯಿ ನಾನು ಹೇಳಿದ್ದು. ಸಾಕು ಅಂತ."

ನಾವೆಲ್ಲ ಗೊಳ್ಳೆಂದು ನಕ್ಕೆವು. ದಾವಣಗೆರೆಯವಳಿಗೆ ತೆಲುಗು ಬರುವುದಿಲ್ಲ, ಪಾಪ. "ತೆಲುಗಿನಾಗೆ ಚಾಲು ಅಂದ್ರೆ ಸಾಕು ಅಂತ ಕಣಮ್ಮ, ಇದೂ ಗೊತ್ತಿಲ್ವಾ?" ಎಂದು ನಾನೇ ಹಂಗಿಸಿದೆ. ಅವಳು ನಗಲಿಲ್ಲ. ಕೆಂಚಣ್ಣನ ಕಡೆ ತಿರುಗಿ ಕೇಳಿದಳು:

"ತೊಟ್ಟಿ ಹತ್ರ ಚಾಲು ಅಂತೀರಲ್ಲ, ಅದು ಯಾವ ಚಾಲು?"

ಕೆಂಚಣ್ಣನ ಲೋಟ ಬಾಯಿಯ ಹತ್ತಿರವೇ ನಿಂತಿತು. ಅಂಜನ್ ಅವನ ಮುಖ ನೋಡಿದ. "ಯಾವ ಚಾಲು ಅಂದ್ರೆ? ಮೋಟ್ರು ಚಾಲು ಮಾಡು ಅಂತೀವಲ್ಲ, ಅದೇ ಅಲ್ವಾ?"

"ಕಾದ್ರಾ, ಅದಲ್ಲ!" ಎಂದು ಕೆಂಚಣ್ಣ ಹಣೆ ಬಡಿದುಕೊಂಡ. "ನೀಳ್ಳು ಚಾಲು ಅಂಟಿನಿ! ನೀರು ಸಾಕು, ನಿಲ್ಸು ಅಂದಿದ್ದು ಕಣೋ!"

ಗೊತ್ತಾಯಿತಾ? ರದ್ದಿ ಬಿದ್ದ ಕೂಡಲೇ ಅಂಜನ್ ಇರುವ ಎರಡು ವಾಲ್ವಿನಲ್ಲಿ ಒಂದನ್ನು ತೆಗೆಯುತ್ತಾನೆ. ಸಾಕೆನಿಸಿದಾಗ ಕೆಂಚಣ್ಣ ಮೇಲಿನಿಂದ "ಚಾಲು" ಎಂದು ಕೂಗಿ, ಮುಂದಿನ ರದ್ದಿ ಕಟ್ಟಿನ ತಂತಿ ಕತ್ತರಿಸಲು ಆ ಕಡೆ ಹೋಗುತ್ತಾನೆ. ಇವನು ಎರಡನೇ ವಾಲ್ವನ್ನೂ ಚಾಲು ಮಾಡುತ್ತಾನೆ! ಆ ನೀರು ಹಿಟ್ಟಾಗಿ, ಹಿಟ್ಟು ಹಾಳೆಯಾಗಿ, ಹಾಳೆ ಉರುಳೆಯ ಮೇಲೆ ಹರಿಯುವ ಹೊತ್ತಿಗೆ ತೊಟ್ಟಿಯ ಹತ್ತಿರ ಏನು ಕೂಗಿದೆವು ಎಂದು ಯಾರಿಗೆ ನೆನಪಿರುತ್ತದೆ? ಕೇಳಿದರೆ ಇಬ್ಬರೂ ನಿಜವನ್ನೇ ಹೇಳುತ್ತಾರೆ. ಅವನು ಅಂದ, ಇವನು ಮಾಡಿದ.

ನನಗೆ ಸೋಜಿಗವಾದದ್ದು ಇನ್ನೊಂದು. ಕೆಂಚಣ್ಣ ರಾಯದುರ್ಗದ ಕಡೆಯವನು, ಮನೆಮಾತು ತೆಲುಗು. ಬೇರೆಯವರು ವಾಲ್ವಿಗೆ ಇದ್ದಾಗ ಕನ್ನಡದಲ್ಲೇ "ಸಾಕು" ಎನ್ನುತ್ತಾನೆ. ಅಂಜನ್ ಮೊಳಕಾಲ್ಮೂರಿನವನು, ತೆಲುಗು ಬಲ್ಲವನು, ನಮ್ಮ ಹುಡುಗ ಎಂಬ ಅಕ್ಕರೆಗೆ ಅವನೊಬ್ಬನ ಹತ್ತಿರ ತೆಲುಗು. ಅಂಜನ್‌ಗೋ, ಮಿಲ್ಲಿನೊಳಗೆ ಕಾಲಿಟ್ಟರೆ ಎಲ್ಲ ಕನ್ನಡ. ಇವನನ್ನು ನೋಡಲು ಅವನು ಇವನ ಮನೆಗೆ ಹೋದ, ಅವನನ್ನು ನೋಡಲು ಇವನು ಅವನ ಮನೆಗೆ ಹೋದ. ಎರಡೂ ಮನೆಗೆ ಬೀಗ. ಎರಡೂ ಭಾಷೆ ಬಲ್ಲ ನಮಗ್ಯಾರಿಗೂ ಕೇಳಿಸದ್ದು, ಒಂದೇ ಬಲ್ಲವಳಿಗೆ ಕೇಳಿಸಿತು.

ಇನ್ನು ಮೇಲೆ "ಸಾಕು" ಎಂದೇ ಕೂಗಿ ಎಂದೆ. ಕೆಂಚಣ್ಣ, "ಸಾಕು ಅಂದ್ರೆ ನಮ್ಮ ಕಡೆ ನೆಪ ಅಂತ. ನೆಪ ನೆಪ ಅಂತ ಕೂಗ್ಲಾ?" ಎಂದು ಹಲ್ಲು ಕಿರಿದ. ಮಾತಿನ ಸಹವಾಸವೇ ಬೇಡವೆಂದು ದಾಕ್ಷಾಯಿಣಿ ಅಟ್ಟಕ್ಕೆ ಒಂದು ಕಬ್ಬಿಣದ ತುಂಡು ನೇತು ಹಾಕಿಸಿದಳು. ಒಂದು ಏಟು ಹೊಡೆದರೆ ನೀರು ಬಿಡು, ಎರಡು ಹೊಡೆದರೆ ನಿಲ್ಲಿಸು. ಕೇಳಿಸಿತೆಂದು ಕೆಳಗಿನವನು ಕೈ ಎತ್ತಬೇಕು. ಅಂದಿನಿಂದ ಕಾಗದ ಹರಿದಿಲ್ಲ. ಹಾಲೇಶಪ್ಪನವರು ನಿನ್ನ ಗಂಡನ ಹೆಗಲು ತಟ್ಟಿ, ಮನಸ್ಸಿಗೆ ಹಚ್ಚಿಕೋಬೇಡ ಎಂದರು. ಕೆಲಸ ಗಟ್ಟಿ. ನೀನು ಅದರ ಚಿಂತೆ ಬಿಡು.

ಈಗ ನನಗೊಂದು ಹುಚ್ಚು ಹಿಡಿದಿದೆ. ಯಾರು ಏನು ಮಾತಾಡಿದರೂ ಅದು ಆ ಕಡೆಯವರ ಕಿವಿಯಲ್ಲಿ ಏನಾಗುತ್ತದೆ ಎಂದು ಯೋಚಿಸುತ್ತೇನೆ. ಬೆಳಿಗ್ಗೆ ಎದ್ದು ಮುಖ ತೊಳೆದೆ ಎಂದರೆ, ತೆಲುಗಿನವರಿಗೆ ಎದ್ದು ಅಂದರೆ ಎತ್ತು. ಎತ್ತಿನ ಮುಖ ತೊಳೆದೆ ಎಂದುಕೊಂಡಾರು! ನಿನ್ನ ಮಗ್ಗದ ಮನೆಯಲ್ಲೂ ಅರ್ಧ ತೆಲುಗು, ಅರ್ಧ ಕನ್ನಡವಲ್ಲವಾ? ಇಂಥ ಮಾತು ಯಾವುವು ಇವೆ, ಅದರಿಂದ ಎಂದಾದರೂ ಸೀರೆ ಕೆಟ್ಟಿದೆಯಾ, ಕೇಳಿ ತಿಳಿದು ಬರೆ. ನಿನ್ನ ಅತ್ತೆಯನ್ನು ಕೇಳಬೇಡ, ಅವಳು ನನಗೇ ಬೈಯುತ್ತಾಳೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕಣ್ಣಿಗೆ ಬೆಳಕು ಸಾಲದೆ ಎಳೆ ಹಿಡಿಯಬೇಡ. ದೇವರು ನಿನ್ನ ಕೈಗೂ ಕಣ್ಣಿಗೂ ಶಕ್ತಿ ಕೊಡಲಿ, ನಿನ್ನ ಸಂಸಾರ ತಂಪಾಗಿರಲಿ.

ಇಂತಿ ನಿನ್ನ ಅಪ್ಪ,
ಹನುಮಣ್ಣ

ತಾ.ಕ.: ಅಂಟು ಹಚ್ಚಿದ ಲಕೋಟೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಆ ದಿನ ಅಂಜನ್ "ಮಾವ" ಎಂದು ತಿರುಗಿದಾಗ, ಎಲ್ಲರ ಮುಂದೆ ನಾನು ಅಂದದ್ದು ಇದು: "ಯಾವ ಮಾವ? ಇಲ್ಲಿ ನಾನು ಮೇಸ್ತ್ರಿ." ಮಿಲ್ಲಿನ ಮಟ್ಟಿಗೆ ಅಂದ ಮಾತು. ಅವನು ಅದನ್ನು ಮನೆಗೂ ತಂದಿದ್ದಾನೆ. ಅಪ್ಪ ಅನ್ನುವುದಕ್ಕೆ ಮುಂಚೆ ಮಾವ ಅನ್ನಲು ಕಲಿತವನು ಎಂದು ನಿನ್ನ ಅತ್ತೆ ಈಗಲೂ ಹೇಳುತ್ತಾಳಲ್ಲ, ಅವನು. ಸಿಟ್ಟು ತೋರಿಸಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ತೋರಿಸುವುದಿಲ್ಲ. ಚಪ್ಪಲಿ ಹುಡುಕಿದರೆ ತಂದು ಕೊಡುತ್ತಾನೆ, ಬಸ್ಸಿನಲ್ಲಿ ಸೀಟು ಹಿಡಿಯುತ್ತಾನೆ. ನ್ಯಾಯ ಹೇಳು ಎಂದು ನಿನಗೆ ಬರೆಯುತ್ತಿಲ್ಲ, ಅವನಿಗೆ ಏನೂ ಹೇಳಲೂ ಬೇಡ. ನಿನ್ನೆ ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದೆವು. ನಿನ್ನ ಅವ್ವ ಅವನ ತಟ್ಟೆಗೆ ಮುದ್ದೆ ಹಾಕಲು ಬಂದಳು. "ಮೊದ್ಲು ಮೇಸ್ತ್ರಿಗೆ ಬಡಿಸತ್ತೆ," ಎಂದ. ಅವಳು ಅವನಿಗೆ ಇನ್ನೂ ಅತ್ತೆಯೇ.