ಅಪ್ಪನ ಗುರುತಿದ್ದ ಬಲೆ

ಸೈಮಾ ಸರೋವರದ ದಂಡೆ,
ಮೇ ೧೯, ಮಂಗಳವಾರ

ತಮ್ಮಾ ಐಮೊ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿಯೇ ಇರುತ್ತೀಯ. ಸತ್ತದ್ದು ಸೀಲ್ ಮರಿ.

ಇವತ್ತು ಬೆಳಿಗ್ಗೆ ನಿನ್ನ ದಡದ ಎದುರಿನ ನಡುಗಡ್ಡೆಯ ಹತ್ತಿರ ಬಲೆಗೆ ಸಿಕ್ಕಿತ್ತು. ನಾನೇ ದೋಣಿಗೆ ಎಳೆದುಕೊಂಡೆ. ಉಸಿರಿಗಾಗಿ ಮೇಲೆ ಬರಲು ಹೆಣಗಿ ಹೆಣಗಿ ಮೂತಿಗೆಲ್ಲ ನೂಲು ಸುತ್ತಿಕೊಂಡಿತ್ತು. ಎಡ ಪಕ್ಕೆಯ ತುಪ್ಪಳದ ಮೇಲೆ ಬಳೆಯಾಕಾರದ ಮೂರು ಮಚ್ಚೆ, ಒಂದರೊಳಗೊಂದು ಸಿಕ್ಕಿಸಿದಂತೆ. ಹೋದ ವಾರ ಅದು ಬಂಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿದ್ದಾಗ ಫೋಟೊ ತೆಗೆದವಳು ನಾನು. ಬೇರೆ ಮರಿಯಿರಬಹುದು ಎಂದು ವಾದಿಸಬೇಡ.

ಬೇರೆಯವರ ಬಲೆ ಎಂದೂ ಹೇಳಬೇಡ. ಬಲೆಯ ತೇಲುಮರದ ಮೇಲೆ ನಮ್ಮ ಮನೆಯ ಗುರುತಿದೆ: ಎರಡು ಗೀಟು, ಒಂದು ಕೊಕ್ಕೆ. ಅಪ್ಪ ಕೊಡಲಿಯ ಹಿಡಿಗೂ ದೋಣಿಯ ಹುಟ್ಟಿಗೂ ಕೆತ್ತಿದ್ದ ಅದೇ ಗುರುತು. ಜೂನ್ ಮುಗಿಯುವ ತನಕ ಬಲೆ ಬಿಡಬಾರದೆಂಬ ಬೋರ್ಡು ನಿನ್ನ ದೋಣಿಕಟ್ಟೆಯಲ್ಲೇ ನೇತಾಡುತ್ತಿದೆ. ಕದ್ದು ಬಿಡುವವನು ಗುರುತನ್ನಾದರೂ ಹೆರೆದು ತೆಗೆಯಬೇಡವೇ? ಇಲ್ಲ, ಗುರುತಿಲ್ಲದ ಬಲೆ ಬಿಟ್ಟರೆ ಅಪ್ಪನಿಗೆ ಅವಮಾನ! ಕಾನೂನು ಮುರಿಯಲು ನಿನಗೆ ನಾಚಿಕೆಯಿಲ್ಲ. ಗುರುತಿಲ್ಲದ ಬಲೆಗೆ ಮಾತ್ರ ನಾಚಿಕೆ.

ಜನವರಿ ನೆನಪಿದೆಯೇ? ನಮ್ಮ ಬಾಲ್ಯದಲ್ಲಿ ಕಿಟಕಿಯ ತನಕ ಹಿಮ ಬೀಳುತ್ತಿದ್ದ ತಿಂಗಳು. ಈ ಸಲ ಮಳೆ. ಹಿಮವಿಲ್ಲದೆ ತಾಯಿ ಸೀಲ್ ಎಲ್ಲಿ ಗೂಡು ತೋಡಬೇಕು? ಸೀಲ್ ಎಣಿಸುವ ಕಚೇರಿಯ ಪರವಾಗಿ ನಾವು ಒಂಬತ್ತು ಜನ ಸೇರಿ, ಮಂಜುಗಡ್ಡೆಯ ಮೇಲಿದ್ದ ಚೂರುಪಾರು ಹಿಮವನ್ನೆಲ್ಲ ಬಳಿದು, ನಡುಗಡ್ಡೆಯ ಅಂಚಿಗೆ ಎದೆಯೆತ್ತರದ ಗುಡ್ಡೆ ಮಾಡಿದೆವು. ನೀನು ಕಾಫಿ ಲೋಟ ಹಿಡಿದು ದಡದಲ್ಲಿ ನಿಂತೆ.

“ಅಕ್ಕಾ, ಸೀಲ್‌ಗೆ ಮನೆ ಕಟ್ತಿದೀಯಲ್ಲ, ಗೃಹಪ್ರವೇಶಕ್ಕೆ ನನ್ನೂ ಕರಿಯೇ!” ಎಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ.

“ನೀನೂ ಒಂದ್ ಸಲಿಕೆ ಹಿಡ್ಕೊಂಡು ಬಾರೋ, ಸೋಮಾರಿ.”

“ನನ್ ಉಗಿಸ್ನಾನದ್ ಮನೆ ಮೆಟ್ಲು ಮುರ್ದು ಎರಡ್ ವರ್ಷ ಆಯ್ತು. ಅದನ್ ನೋಡೋಕೆ ಒಂದಿನಾನೂ ಬರ್ಲಿಲ್ಲ ನೀನು. ಸೀಲ್‌ಗಾದ್ರೆ ಅಕ್ಕ ಇದಾಳೆ, ನಂಗ್ಯಾರಿದಾರೆ?” ಎಂದು ಲೋಟ ಚೆಲ್ಲಿ ಒಳಗೆ ಹೋದೆ.

ಆ ಸಿಟ್ಟಿಗೆ ಮರಿಯನ್ನು ಮುಳುಗಿಸಬೇಕಿತ್ತೇನೋ? ನಮ್ಮ ಈ ನೀರು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಜಾತಿ ಅದು. ಹಿಮವಿಲ್ಲದ ಚಳಿಗಾಲ ಒಂದು ಕಡೆಯಿಂದ ಕೊಲ್ಲುತ್ತಿದೆ, ನಾಲ್ಕು ಮೀನಿಗಾಗಿ ನೀನು ಇನ್ನೊಂದು ಕಡೆಯಿಂದ.

ಶುಕ್ರವಾರ ಸೀಲ್ ಎಣಿಸುವ ಕಚೇರಿಗೆ ಮರಿಯನ್ನು ಒಯ್ಯುತ್ತೇನೆ. ಅಷ್ಟರೊಳಗೆ ನೀನೇ ಹೋಗಿ ಒಪ್ಪಿಕೋ. ಇಲ್ಲವಾದರೆ ಅಪ್ಪನ ಗುರುತಿರುವ ತೇಲುಮರ ಅವರ ಮೇಜಿನ ಮೇಲಿರುತ್ತದೆ. ಅಕ್ಕ ಎಂದು ಕರೆದು ಕರಗಿಸಲು ಬರಬೇಡ.

ನಿನ್ನ ಮೇಲೆ ಕುದಿಯುತ್ತಿರುವ,
ಕೆರ್ಟು

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಒಡೆದೆ. ಗುಡ್ಡೆ ಮಾಡಲು ಕಚೇರಿಯವರು ಹೇಳಿದ್ದು ಉತ್ತರದ ನಡುಗಡ್ಡೆಯಲ್ಲಿ, ಯಾರೂ ಬಲೆ ಬಿಡದ ಕಡೆ. ಅಲ್ಲಿ ಮಂಜುಗಡ್ಡೆ ತೆಳುವಾಗಿದೆ ಎಂದು ಸುಳ್ಳು ಹೇಳಿ ನಾನೇ ನಿನ್ನ ದಡದ ಎದುರಿಗೆ ಮಾಡಿಸಿದೆ. ಸಲಿಕೆಯ ಸದ್ದು ಕೇಳಿ ನೀನು ಹೊರಗೆ ಬರುತ್ತೀಯೆಂದು. ಬಂದೆಯಲ್ಲ. ಆ ತಾಯಿ ಸೀಲ್ ಮಾತ್ರ ನನ್ನ ಗುಡ್ಡೆಯನ್ನು ನಂಬಿ ಅಲ್ಲೇ ಮರಿ ಹಾಕಿ ಕೆಟ್ಟಿತು. ಶುಕ್ರವಾರ ಎಂಟಕ್ಕೆ ನಿನ್ನ ದೋಣಿಕಟ್ಟೆಗೆ ದೋಣಿ ತರುತ್ತೇನೆ. ಒಪ್ಪಿಕೊಳ್ಳಬೇಕಾದವರು ಇಬ್ಬರಿದ್ದೇವೆ.