ವರ್ಷಕ್ಕೆ ಒಂದೇ ಸಾಲು

ವಾಲ್ದೆನ್ಸೆಲ್ ಮಠ
ಸಂತ ಮಾರ್ಟಿನ್ ಹಬ್ಬದ ಮುನ್ನಾದಿನ
ಕ್ರಿಸ್ತಶಕ 1006

ಪ್ರೀತಿಯ ತಂಗಿ ಇಮ್ಮಾಗೆ ಅಕ್ಕ ಹಿದ್ದಾಳ ಆಶೀರ್ವಾದಗಳು.

ನಿನ್ನ ಎರಡು ಓಲೆಗಳೂ ಬಂದು ಮುಟ್ಟಿವೆ. ಒಂದು ಬಾರ್ಲಿ ಕೊಯ್ಲಿಗೆ ಮುಂಚೆ ಬಂತು, ಇನ್ನೊಂದು ದ್ರಾಕ್ಷಿ ಕೀಳುವ ಹೊತ್ತಿಗೆ. ಎರಡಕ್ಕೂ ನಾನು ಉತ್ತರ ಬರೆಯಲಿಲ್ಲ. ಬರೆಯಲು ಚರ್ಮದ ತುಂಡು ಸಿಗಲಿಲ್ಲ, ಸರೋವರ ದಾಟುವ ದೋಣಿ ಸಿಗಲಿಲ್ಲ, ಮಣಿಕಟ್ಟು ನೋಯುತ್ತಿತ್ತು ಎಂದೆಲ್ಲ ನೆಪ ಹೇಳಬಹುದು. ಮೂರೂ ಸುಳ್ಳು. ಧೈರ್ಯ ಇರಲಿಲ್ಲ, ಅಷ್ಟೆ. ಈಗಲೂ ಇದೆಯೆಂದು ತಿಳಿಯಬೇಡ. ನಾಳೆಯಿಂದ ನನ್ನ ಕೈಗೆ ಲೇಖನಿ ಕೊಡುವುದಿಲ್ಲವಂತೆ, ಹಾಗಾಗಿ ಇವತ್ತೇ ಬರೆಯುತ್ತಿದ್ದೇನೆ. ಚರ್ಮದ ಅಂಚಿನ ತುಂಡುಗಳನ್ನು ಹೊಲಿದು ಹಾಳೆ ಮಾಡಿಕೊಂಡಿದ್ದೇನೆ, ಅಕ್ಷರ ಡೊಂಕಾಗಿದ್ದರೆ ಅದಕ್ಕೆ.

ನಿನಗೆ ಇದನ್ನು ಓದಿ ಹೇಳುತ್ತಿರುವ ಪಾದ್ರಿ ಎಪ್ಪೋ ಅವರಿಗೂ ನಮಸ್ಕಾರ. ಎಪ್ಪೋ ಸ್ವಾಮಿ, ಇಷ್ಟವಾಗದ ಮಾತು ಬಂದಾಗ ಕೆಮ್ಮಿ ದಾಟಿಸಿಬಿಡುವುದು ನಿಮ್ಮ ಅಭ್ಯಾಸ. ಹೋದ ವರ್ಷ ನಾನು ಬರೆದು ಕಳಿಸಿದ್ದನ್ನೇ ನನ್ನ ತಂಗಿ ಮತ್ತೆ ಕೇಳಿ ಬರೆಸಿದಾಗ ನನಗೆ ಅದು ಗೊತ್ತಾಯಿತು. ಈ ಸಲ ಕೆಮ್ಮು ಬಂದರೆ ಒಂದು ಗುಟುಕು ನೀರು ಕುಡಿದು, ಬಿಟ್ಟಲ್ಲಿಂದಲೇ ಓದಿ.

ನನ್ನಲ್ಲಿಗೆ ಹೊರಟಿದ್ದ ತ್ರೂಡವ್ವ ಬಂದು ಸೇರಿದಳೇ ಎಂದು ಎರಡು ಓಲೆಯಲ್ಲೂ ಕೇಳಿದ್ದೀಯ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನೂ ಸೆರಗಿಗೆ ಕಟ್ಟಿಕೊಂಡು ಸಾಕಿದವಳ ಬಗ್ಗೆ ನೀನು ಕೇಳದೆ ಇನ್ನಾರು ಕೇಳಬೇಕು? ಹೇಳುತ್ತೇನೆ. ಆದರೆ ಮೊದಲು ಇಲ್ಲಿಯ ಜಗಳದ ಕಥೆ ಹೇಳಲು ಬಿಡು. ಅದನ್ನು ಹೇಳದೆ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಹೋದ ವರ್ಷದ ಮಳೆಗೆ ಕಾಳೆಲ್ಲ ತೆನೆಯಲ್ಲೇ ಕೊಳೆಯಿತು, ಅದು ನಿನಗೂ ಗೊತ್ತಿದೆ. ಈಸ್ಟರ್ ಹೊತ್ತಿಗೆ ನಮ್ಮ ರೊಟ್ಟಿಯಲ್ಲಿ ಹಿಟ್ಟಿಗಿಂತ ತೌಡು ಜಾಸ್ತಿ, ಆಮೇಲೆ ತೌಡಿಗಿಂತ ಓಕ್ ಕಾಯಿಯ ಪುಡಿ ಜಾಸ್ತಿ. ಅಡುಗೆಮನೆಯ ಸೋದರಿ ರಿಕ್ಸಾ ಆ ರೊಟ್ಟಿಯನ್ನು ಮೇಜಿನ ಮೇಲೆ ಕುಟ್ಟಿ ತೋರಿಸಿ, ಇದನ್ನು ತಿಂದು ಸ್ವರ್ಗಕ್ಕೆ ಹೋದವಳಿಗೆ ಅಲ್ಲಿ ಹೊಟ್ಟೆನೋವು ತಪ್ಪದು ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು. ನಗುವುದಕ್ಕಾದರೂ ನಮ್ಮ ಹೊಟ್ಟೆಯಲ್ಲಿ ಏನೋ ಇತ್ತು. ಗೋಡೆಯ ಹೊರಗೆ ಅದೂ ಇರಲಿಲ್ಲ.

ನಮ್ಮ ಮಠದ ಮೇಲ್ವಿಚಾರಣೆಗೆ ಬಿಷಪ್ಪರು ಇಟ್ಟಿರುವ ಪಾದ್ರಿ ವೋಲ್ಫಾರ್ಟ್ ಅವರು ಆಗ ಒಂದು ಕಟ್ಟಳೆ ಮಾಡಿದರು. ಮಠದ ಹೊಲದಲ್ಲಿ ದುಡಿಯುವವರಿಗೆ ಒಂದೊಂದು ಮರದ ಬಿಲ್ಲೆ ಕೊಟ್ಟರು. ಬಿಲ್ಲೆ ತೋರಿಸಿದ ಕೈಗೆ ರೊಟ್ಟಿ. ಬಿಲ್ಲೆ ಇಲ್ಲದೆ ಬಂದವರ ಹೆಸರು, ಊರು ಕೇಳಿ ಮಠದ ತಾಯಿಗೆ ತಿಳಿಸಬೇಕು, ಅವರು ಹೂಂ ಎಂದರೆ ಮಾತ್ರ ಕೊಡಬೇಕು. ನಮ್ಮ ಬಾಗಿಲ ಕಿಂಡಿ ನಿನಗೆ ನೆನಪಿರಬೇಕು, ನೀನು ಬಂದಾಗ ಅದರಲ್ಲಿ ತಲೆ ತೂರಿಸಲು ಹೋಗಿ ಬೈಸಿಕೊಂಡಿದ್ದೆ. ಅದರ ಮುಂದೆ ಗೋಣಿಯ ಪರದೆ ಇದೆ. ಒಳಗಿನವಳಿಗೆ ಹೊರಗಿನವರ ಮುಖ ಕಾಣಬಾರದು, ಕೈ ಮಾತ್ರ ಕಾಣಬೇಕು. ವಾರಕ್ಕೊಬ್ಬ ಸೋದರಿ ಅಲ್ಲಿ ಕೂರುತ್ತಾಳೆ. ಆ ಬೇಸಿಗೆಯಲ್ಲಿ ನಾವು ಊರವರನ್ನೆಲ್ಲ ಕೈಗಳಿಂದಲೇ ಗುರುತಿಸುತ್ತಿದ್ದೆವು. ಸುಗ್ಗಿಯ ಹೊತ್ತಿಗೆ ಆ ಕೈಗಳಲ್ಲಿ ಎಷ್ಟೋ ಬರುವುದು ನಿಂತಿತ್ತು.

ಇನ್ನು ದೊಡ್ಡ ಸುದ್ದಿಗಳು. ಮೇ ತಿಂಗಳಿನಿಂದ ಮೂರು ತಿಂಗಳು ದಕ್ಷಿಣದ ಬೆಟ್ಟದಂಚಿನಲ್ಲಿ ಹೊಸ ನಕ್ಷತ್ರವೊಂದು ಕಾಣಿಸಿಕೊಂಡಿತು. ಒಮ್ಮೆ ಹಿಗ್ಗುತ್ತಿತ್ತು, ಒಮ್ಮೆ ಕುಗ್ಗುತ್ತಿತ್ತು, ಒಮ್ಮೊಮ್ಮೆ ಆರಿಯೇ ಹೋಗುತ್ತಿತ್ತು. ನಿಮ್ಮ ಕಡೆ ಬೆಟ್ಟ ಅಡ್ಡ ಬಂದಿರಬಹುದು. ಆಮೇಲೆ ನಮ್ಮ ರಾಜರು ಬಾಸೆಲ್ ಊರನ್ನು ತಮ್ಮದು ಮಾಡಿಕೊಂಡರು. ಆ ಸುದ್ದಿ ತಂದ ಕುದುರೆ ಸವಾರನಿಗೆ ಬಿಲ್ಲೆ ಕೇಳದೆ ಊಟ ಹಾಕಿದರು.

ಈಗ ಜಗಳಕ್ಕೆ ಬರುತ್ತೇನೆ. ಈಸ್ಟರ್ ಯಾವ ದಿನ ಬರುತ್ತದೆಂದು ತೋರಿಸುವ ದೊಡ್ಡ ಪಟ್ಟಿ ನಮ್ಮಲ್ಲಿದೆ. ಒಂದು ಪುಟಕ್ಕೆ ಹತ್ತೊಂಬತ್ತು ವರ್ಷ, ಒಂದು ವರ್ಷಕ್ಕೆ ಒಂದು ಸಾಲು. ಆ ಸಾಲಿನ ಅಂಚಿನಲ್ಲಿ ಒಂದು ಬೆರಳುದ್ದ ಜಾಗ ಉಳಿಯುತ್ತದೆ. ವರ್ಷ ಮುಗಿಯುವ ಮುಂಚೆ, ಆ ವರ್ಷ ಏನಾಯಿತೆಂದು ಅಲ್ಲಿ ಬರೆಯಬೇಕು. ಹತ್ತು ಹನ್ನೊಂದು ಪದ ಹಿಡಿಸಿದರೆ ಪುಣ್ಯ. ಹದಿನಾಲ್ಕು ವರ್ಷದಿಂದ ಆ ಕೆಲಸ ನನ್ನದು. ನಾನು ಸತ್ತು ಮಣ್ಣಾದ ಮೇಲೂ ಈ ವರ್ಷದ ಬಗ್ಗೆ ವಾಲ್ದೆನ್ಸೆಲ್ ಹೇಳುವುದು ಆ ಹತ್ತು ಪದಗಳನ್ನು ಮಾತ್ರ. ಉಳಿದದ್ದೆಲ್ಲ ನಡೆದೇ ಇಲ್ಲವೆಂದು ಲೆಕ್ಕ.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ನಾನು ಬರೆದೆ: ಹಸಿವಿನ ವರ್ಷ. ಬೇಡಿ ಬಂದವರು ನಮ್ಮ ಮುಚ್ಚಿದ ಬಾಗಿಲಲ್ಲಿ ಸತ್ತರು.

ಮೂರನೆಯ ದಿನ ವೋಲ್ಫಾರ್ಟ್ ಅವರು ಪುಸ್ತಕ ಹಿಡಿದುಕೊಂಡೇ ಬಂದರು. ಅವರು ಕೂಗಾಡುವವರಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಬೇಸರದಿಂದ ಕೇಳಿದರು.

“ಏನಮ್ಮಾ ಇದು? ಆಕಾಶದಲ್ಲಿ ಅಂಥಾ ನಕ್ಷತ್ರ ಬಂತು, ರಾಜರು ಬಾಸೆಲ್ ತಗೊಂಡ್ರು. ನಿಂಗೆ ಬರೆಯೋಕೆ ಸಿಕ್ಕಿದ್ದು ಇದಾ?”

“ನಕ್ಷತ್ರಾನ ಎಲ್ಲಾ ಮಠದೋರೂ ಬರೀತಾರೆ ಸ್ವಾಮಿ. ನಮ್ಮ ಬಾಗಿಲ ವಿಷ್ಯ ನಾವು ಬರೀದೆ ಇನ್ಯಾರು ಬರೀತಾರೆ?”

“ಮುಂದೆ ಓದೋರು ಬಾಗಿಲು ಮುಚ್ಚಿದ್ಯಾರು ಅಂತ ಕೇಳಲ್ವಾ?”

“ಕೇಳ್ಲಿ ಅಂತಾನೇ ಬರೆದಿದ್ದು.”

ಅವರು ಚೂರಿ ತೆಗೆದು ಅಲ್ಲೇ ನಿಂತು ನನ್ನ ಸಾಲನ್ನು ಕೆರೆದು ಹಾಕಿದರು. ಚರ್ಮದ ಮೇಲಿನ ಶಾಯಿಯನ್ನು ಕೆರೆಯುವುದು ಗೆಡ್ಡೆಯ ಸಿಪ್ಪೆ ತೆಗೆದಷ್ಟು ಸುಲಭವಲ್ಲ. ಒಗ್ಗದ ಕೈಗೆ ಅರ್ಧ ಬೆಳಗು ಹಿಡಿಯಿತು. ಕೆರೆದ ಜಾಗವನ್ನು ಉಜ್ಜಿ ನುಣುಪು ಮಾಡಿ, ಹೊಸ ನಕ್ಷತ್ರ, ಬಾಸೆಲ್ ಎಂದು ಬರೆಯಲು ಹೇಳಿ ಹೋದರು. ನಾನು ಅಲ್ಲೇ ಕುಳಿತು ಮೊದಲಿನ ಮಾತುಗಳನ್ನೇ ಮತ್ತೆ ಬರೆದೆ.

ಎರಡನೆಯ ಸಲ ಕೆರೆಯುವ ಕೆಲಸವನ್ನು ನನಗೇ ಹಚ್ಚಿದರು. ವಿಧೇಯತೆಯ ಪ್ರತಿಜ್ಞೆ ಮಾಡಿದವಳು, ಆಗುವುದಿಲ್ಲ ಎನ್ನುವಂತಿಲ್ಲ. ಕೆರೆದೆ. ಹದಿನಾಲ್ಕು ವರ್ಷದ ಕೈ ಅದು, ಚೆನ್ನಾಗಿಯೇ ಕೆರೆದೆ, ಬೇಕಾದ್ದಕ್ಕಿಂತ ಸ್ವಲ್ಪ ಆಳವಾಗಿಯೇ ಕೆರೆದೆ. ದೀಪಕ್ಕೆ ಹಿಡಿದರೆ ಆಚೆಗಿನ ಬೆರಳು ಕಾಣುವಷ್ಟು ತೆಳ್ಳಗಾಯಿತು. ಏಕೆಂದು ಆಮೇಲೆ ಗೊತ್ತಾಗುತ್ತದೆ.

ಈ ಜಗಳ ನಡೆದ ಹದಿನೈದು ದಿನ ನನಗೆ ಊಟದ ಮನೆಯಲ್ಲಿ ಜಾಗವಿರಲಿಲ್ಲ, ಬಾಗಿಲ ಬಳಿ ನೆಲದ ಮೇಲೆ ಕುಳಿತು ಉಣ್ಣಬೇಕಿತ್ತು. ರಿಕ್ಸಾ ಗಂಜಿ ಬಡಿಸುವ ನೆಪದಲ್ಲಿ ಬಗ್ಗಿ, “ಎರಡು ಪದ ನಕ್ಷತ್ರಕ್ಕೆ ಕೊಟ್ಟು ಬಿಡೇ ಮಾರಾಯ್ತಿ, ನಿನ್ನ ಗಂಟೇನು ಹೋಗುತ್ತೆ? ಅದೂ ನಿಜಾನೇ ಅಲ್ವಾ?” ಎಂದಳು. ಅವಳದು ತಪ್ಪಲ್ಲ. ನಕ್ಷತ್ರ ಬಂದದ್ದು ನಿಜವೇ. ಆದರೆ ನನ್ನ ಕೈಯಿಂದ ಆ ನಕ್ಷತ್ರ ಆ ಸಾಲಿಗೆ ಏರುವುದಿಲ್ಲ ಎಂದೆ. ಏಕೆ ಎಂದು ಅವಳು ಕೇಳಿದಳು, ಹೇಳಲಿಲ್ಲ. ನಿನಗೆ ಹೇಳುತ್ತೇನೆ, ಇನ್ನು ಸ್ವಲ್ಪ ತಾಳು.

ಹಠಕ್ಕೆ ಬಿದ್ದಿದ್ದಾಳೆ ಎಂದು ಎಲ್ಲರೂ ಆಡಿಕೊಂಡರು. ಹೌದು, ಹಠವೇ. ಬಾಗಿಲ ಕಿಂಡಿಯ ಬಳಿ ಒಂದು ದಿನವೂ ಹಠ ಮಾಡದೆ ಕಟ್ಟಳೆ ಪಾಲಿಸಿದೆವಲ್ಲ, ಆಗ ಮಾಡಬೇಕಿದ್ದ ಹಠವೆಲ್ಲ ನನ್ನಲ್ಲಿ ಹಾಗೆಯೇ ಉಳಿದಿದೆ. ಅದನ್ನು ಈ ಒಂದು ಬೆರಳುದ್ದ ಚರ್ಮದ ಮೇಲಾದರೂ ಖರ್ಚು ಮಾಡದಿದ್ದರೆ ನಾನು ಇದ್ದು ಏನು ಪ್ರಯೋಜನ ಹೇಳು.

ಮೂರನೆಯ ಸಲ ಬರೆದೆ. ಈ ಸಲ ಓಕ್ ಮರದ ಗಂಟುಕಾಯಿಯಿಂದ ಮಾಡುವ ಶಾಯಿಯನ್ನು ಎರಡು ದಿನ ಹೆಚ್ಚು ಕುದಿಸಿ, ಗಟ್ಟಿ ಮಾಡಿ, ಚರ್ಮವನ್ನು ಕಚ್ಚಿ ಹಿಡಿಯುವ ಹಾಗೆ ಬರೆದೆ. ಕೊನೆಗೆ ಇನ್ನೆರಡು ಪದ ಹೊಸದಾಗಿ ಸೇರಿಸಿದೆ.

ನಿನ್ನೆ ನನ್ನನ್ನು ಎಲ್ಲರ ಎದುರು ಕರೆಸಿದರು. ನಮ್ಮ ಮಠದ ತಾಯಿ ವಿಲ್ಬುರ್ಗ್ ಅವರಿಗೆ ಈಗ ಎಂಬತ್ತು ದಾಟಿದೆ, ಅಕ್ಷರ ಕಾಣದೆ ಪುಸ್ತಕವನ್ನು ಮೂಗಿಗೆ ಹಿಡಿದು ಓದುತ್ತಾರೆ. ವೋಲ್ಫಾರ್ಟ್ ಅವರು ಪಕ್ಕದಲ್ಲಿ ಚೂರಿ ಹಿಡಿದು ನಿಂತಿದ್ದರು. ನಾನು ಮಂಡಿಯೂರಿ, ಹಾಳೆಯ ಹಿಂಬದಿಯನ್ನೊಮ್ಮೆ ನೋಡಿ ಎಂದು ಕೇಳಿಕೊಂಡೆ. ತಾಯಿ ತಿರುಗಿಸಿದರು.

ಅಲ್ಲಿರುವುದು ಹತ್ತೊಂಬತ್ತು ವರ್ಷದ ಹಿಂದಿನ ಪಟ್ಟಿ. ನನ್ನ ಸಾಲಿನ ನೇರ ಬೆನ್ನಿಗೆ, ನಮ್ಮ ಮಠಕ್ಕೆ ಸಂತನ ತೋಳಿನ ಮೂಳೆ ಬಂದ ವರ್ಷ ಇದೆ. ಅದನ್ನು ಹೊತ್ತು ತಂದವರು ವೋಲ್ಫಾರ್ಟ್ ಅವರ ಸ್ವಂತ ಚಿಕ್ಕಪ್ಪ, ಅವರ ಹೆಸರೂ ಅಲ್ಲಿಯೇ ಇದೆ. ನಮಗಿರುವ ಮರ್ಯಾದೆಯೆಲ್ಲ ಆ ಒಂದು ಸಾಲಿನದು.

“ಕೆರೀರಿ ಸ್ವಾಮಿ,” ಎಂದೆ. “ಇನ್ನೊಂದ್ಸಲ ಚೂರಿ ಆಡಿದ್ರೆ ತೂತು ಬೀಳುತ್ತೆ. ನನ್ನ ಸಾಲಿನ ಜೊತೆ ಸಂತನ ತೋಳೂ ಹೋಗುತ್ತೆ, ನಿಮ್ಮ ಚಿಕ್ಕಪ್ಪಾನೂ ಹೋಗ್ತಾರೆ.”

ಸಭೆಯಲ್ಲಿ ಯಾರೋ ನಕ್ಕರು. ರಿಕ್ಸಾಳೇ ಇರಬೇಕು. ವೋಲ್ಫಾರ್ಟ್ ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎರಡೂ ಬದಿಯ ಅಕ್ಷರಗಳು ಒಂದರೊಳಗೊಂದು ಕಾಣುತ್ತಿದ್ದವು. ಕೊನೆಗೆ ಚೂರಿಯನ್ನು ಒರೆಗೆ ಹಾಕಿಕೊಂಡರು, ನನ್ನ ಮುಖ ನೋಡಲಿಲ್ಲ.

ತಾಯಿ ಮಾತ್ರ ನನ್ನನ್ನು ಹತ್ತಿರ ಕರೆದು ಕೊನೆಯ ಎರಡು ಪದಗಳ ಮೇಲೆ ಬೆರಳಿಟ್ಟರು. “ಉಳಿದದ್ದು ಇರ್ಲಿ ಮಗಳೇ. ಈ ಎರಡು ಪದ ಯಾಕೆ? ನಾನಿದನ್ನ ನಿಧಾನವಾಗಿ ತೆಗೆಸ್ತೀನಿ, ನಿನಗಿದು ಬೇಡ,” ಎಂದರು. ಎಷ್ಟು ಪ್ರೀತಿಯಿಂದ ಹೇಳಿದರೆಂದರೆ ಹೂಂ ಎಂದುಬಿಡುತ್ತಿದ್ದೆ. ಬೇಡ ತಾಯಿ, ಅವಿಲ್ಲದೆ ಉಳಿದದ್ದೂ ಸುಳ್ಳಾಗುತ್ತದೆ ಎಂದೆ. ಅವರು ಪುಸ್ತಕ ಮುಚ್ಚಿದರು. ನಾಳೆಯಿಂದ ನನಗೆ ಬಾತುಕೋಳಿಗಳ ದೊಡ್ಡಿಯ ಕೆಲಸ. ಮುಂದಿನ ವರ್ಷದ ಸಾಲನ್ನು ಬೇರೆಯವಳು ಬರೆಯುತ್ತಾಳೆ.

ಬಾತುಕೋಳಿಗಳು ಕಚ್ಚುತ್ತವೆ ಎಂದು ರಿಕ್ಸಾ ಹೆದರಿಸಿದ್ದಾಳೆ. ನಾನೂ ಕಚ್ಚುತ್ತೇನೆ ಎಂದು ಅವಕ್ಕೆ ತಿಳಿಸಿಡು ಎಂದಿದ್ದೇನೆ.

ನಿನ್ನ ಗಂಡನಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ಚಿಕ್ಕವಳಿಗೆ ಹಲ್ಲು ಬರುವಾಗ ಜ್ವರ ಬಂದರೆ ಗಾಬರಿ ಬೀಳಬೇಡ, ನಿನಗೂ ಹಾಗೆಯೇ ಬಂದಿತ್ತು. ನಿನ್ನ ಒಲೆ ಆರದಿರಲಿ, ನಿನ್ನ ಬಾಗಿಲಿಗೆ ಬಂದವರು ಹಸಿದು ಹೋಗದಿರಲಿ. ದೇವರು ನಿನ್ನನ್ನು ನನಗಿಂತ ಒಳ್ಳೆಯವಳನ್ನಾಗಿ ಇಟ್ಟಿರಲಿ.

ನಿನ್ನ ಅಕ್ಕ,
ಹಿದ್ದಾ

ಮರೆತದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿದ್ದು: ಎಪ್ಪೋ ಸ್ವಾಮಿ, ಇಲ್ಲಿ ಕೆಮ್ಮಬೇಡಿ.

ತ್ರೂಡವ್ವ ಬಂದಿದ್ದಳು ಇಮ್ಮಾ. ಈಸ್ಟರ್ ಆಗಿ ಐದನೆಯ ವಾರ. ಕಿಂಡಿಯ ಸರದಿ ನನ್ನದಿತ್ತು. ಹೊತ್ತು ಮುಳುಗಿತ್ತು, ಸೋದರಿಯರೆಲ್ಲ ನಕ್ಷತ್ರ ನೋಡಲು ದಕ್ಷಿಣದ ಗೋಡೆಯ ಹತ್ತಿರ ಸೇರಿದ್ದರು. ಬೆಟ್ಟದ ಅಂಚಿನಲ್ಲಿ ಅದು ಕಾಣುವುದೇ ಸ್ವಲ್ಪ ಹೊತ್ತು. ಮೂರು ಸಂಜೆಯಿಂದ ಕಿಂಡಿಯ ಕೆಲಸದಲ್ಲಿ ನನಗೆ ಅದು ತಪ್ಪಿಹೋಗಿತ್ತು. ಬಂತು ಬಂತು, ಬೇಗ ಬಾ ಎಂದು ಅವರು ಕೂಗುತ್ತಿದ್ದಾಗ ಪರದೆಯ ಕೆಳಗಿನಿಂದ ಒಂದು ಕೈ ಬಂತು. ಬಿಲ್ಲೆ ಇರಲಿಲ್ಲ. ಹೆಸರು ಕೇಳಬೇಕಿತ್ತು, ಊರು ಕೇಳಬೇಕಿತ್ತು, ತಾಯಿಯ ಹತ್ತಿರ ಹೋಗಿ ಬರಬೇಕಿತ್ತು. ಅಷ್ಟರಲ್ಲಿ ನಕ್ಷತ್ರ ಮುಳುಗಿಬಿಡುತ್ತಿತ್ತು. ಕಿಂಡಿ ಮುಚ್ಚಿ ಅಗುಳಿ ಹಾಕಿ ಓಡಿದೆ.

ನೀನು ಮಗುವಾಗಿದ್ದಾಗ ಒಲೆಗೆ ಬಿದ್ದೆ, ನಿನ್ನನ್ನು ಬರಿಗೈಯಲ್ಲಿ ಎಳೆದು ತೆಗೆಯಲು ಹೋಗಿ ತ್ರೂಡವ್ವನ ಎರಡು ಬೆರಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವಲ್ಲ, ಆ ಬೆರಳುಗಳನ್ನು ನಾನು ನೋಡಿದೆ. ಕತ್ತಲಿತ್ತು, ಗುರುತು ಸಿಗಲಿಲ್ಲ ಎಂದು ನಿನಗೆ ಬರೆಯಬಹುದಿತ್ತು. ನೋಡಿದೆ. ಎಲ್ಲೋ ಕಂಡ ಕೈ ಎಂದು ಮನಸ್ಸು ಒಂದು ಕ್ಷಣ ನಿಂತಿತು. ನಾನು ನಿಲ್ಲಲಿಲ್ಲ.

ಬೆಳಿಗ್ಗೆ ಅವಳು ಗೋಡೆಗೆ ಒರಗಿ ಕುಳಿತಂತೆಯೇ ಇದ್ದಳು, ಉಸಿರಿರಲಿಲ್ಲ. ಅವಳ ಗಂಟಿನಲ್ಲಿ ನನಗಾಗಿ ಹೆಣೆದ ಉಣ್ಣೆಯ ಕಾಲುಚೀಲ ಇತ್ತು. ಅದನ್ನು ಇನ್ನೂ ಹಾಕಿಕೊಂಡಿಲ್ಲ.

ಮಠದ ಪುಸ್ತಕದಲ್ಲಿ ನಾನು ಸೇರಿಸಿದ ಎರಡು ಪದ: ಮುಚ್ಚಿದವಳು ಹಿದ್ದಾ.

ಕ್ಷಮಿಸು ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ನಿನ್ನ ಮನಸ್ಸು ನನಗೆ ಗೊತ್ತು, ನೀನು ಅತ್ತು, ಆಮೇಲೆ ಕಣ್ಣೊರೆಸಿಕೊಂಡು, ಅಕ್ಕನದೇನು ತಪ್ಪು ಎಂದು ಎಪ್ಪೋ ಸ್ವಾಮಿಗಳ ಕೈಯಲ್ಲಿ ಬರೆಸಿ ಕಳಿಸುತ್ತೀಯ. ಬೇಡ. ಆ ಸಾಲನ್ನು ಉಳಿಸಲು ಇಷ್ಟು ಹೊಡೆದಾಡಿದ್ದೇನೆ. ನೀನೂ ಅದನ್ನು ಕೆರೆಯಬೇಡ.