ರಾತ್ರಿಯ ಮಾತ್ರೆ

ಅರಸೀಕೆರೆ
೧೪ ಆಗಸ್ಟ್ ೧೯೮೭

ಪ್ರೀತಿಯ ಅಮ್ಮ,

ಈ ಒಂದು ಮಾತನ್ನು ನಿನಗೆ ಹೇಳದೇ ಇರಬೇಕೆಂದಿದ್ದೆ. ಬುಧವಾರ ಹಳೇಬೀಡಿನ ಆಸ್ಪತ್ರೆಯಿಂದ ನೀನು ಫೋನಿನಲ್ಲಿ ಡಾಕ್ಟರ್ ಕೃಷ್ಣಪ್ಪನವರ ಜೊತೆ ಮಾತಾಡಿದೆಯಲ್ಲ, ಇಲ್ಲಿ ಇನ್ನೊಂದು ರಿಸೀವರ್ ಹಿಡಿದು ನಾನೂ ಕೇಳುತ್ತಿದ್ದೆ. ಇಷ್ಟು ದಿನ ಬರೆಯದಿದ್ದಕ್ಕೆ ಕ್ಷಮಿಸು. ನಾವೆಲ್ಲ ಚೆನ್ನಾಗಿದ್ದೇವೆ.

ದೂರದ ರೋಗಿಯನ್ನು ಫೋನಿನಲ್ಲೇ ವಿಚಾರಿಸುವುದನ್ನು ತಜ್ಞ ವೈದ್ಯರಿಗೆ ಕಲಿಸುವುದು ಈಗ ಡಾಕ್ಟರಾದ ನನ್ನ ಕೆಲಸ. ಹೃದಯದ ಡಾಕ್ಟರಾದ ಕೃಷ್ಣಪ್ಪನವರು, ಸ್ಟೆತಸ್ಕೋಪಿಲ್ಲದೆ ಕೈ ಕಟ್ಟಿ ಹಾಕಿದಂತಾಗುತ್ತದೆ ಎಂದು ಗೊಣಗುತ್ತಾರೆ. ರೋಗಿ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಮೊದಲು ಅವರ ದಿನಚರಿ ಕೇಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವರು ಹಾಗೆಯೇ ಕೇಳಿದರು.

"ಹೆಣ್ಣು ನೋಡೋಕೆ ಬಂದೋರೂ ಇಷ್ಟು ಕೇಳಲ್ಲ ಕಣಪ್ಪ" ಎಂದೆ ನೀನು. ಅವರು ನಕ್ಕರು, ನಾನೂ ನಕ್ಕೆ.

"ರಾತ್ರಿ ಬಿಪಿ ಮಾತ್ರೆ ತಪ್ಪದೆ ತಗೋತೀರಾ ತಾಯಿ?"

"ನಾವು ಜೈನರು, ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟಲ್ಲ ಡಾಕ್ಟ್ರೇ. ಮಾತ್ರೆ ಹೆಂಗೆ ನುಂಗ್ಲಿ?"

"ಬರ್ಕೊಟ್ಟೋರಿಗೆ ಹೇಳ್ಲಿಲ್ವಾ?"

"ಬರ್ಕೊಟ್ಟೋಳು ನನ್ ಮಗಳೇ. ಈ ಮನೇಲಿ ಹುಟ್ಟಿದೋಳಿಗೆ ಏನಂತ ಹೇಳ್ಲಿ?"

ಹಾಗಾದರೆ ಸಂಜೆ ಊಟದ ಜೊತೆಗೇ ತಗೊಳ್ಳಿ ಎಂದರು ಅವರು. ಅಷ್ಟೇ ಸಾಕಿತ್ತು.

ಹಾಸ್ಟೆಲಿನಲ್ಲಿ ರಾತ್ರಿ ಎಂಟಕ್ಕೆ ಉಂಡು ಬೆಳೆದೆ, ನಿಜ. ಆದರೆ ರಜೆಗೆ ಬಸ್ತಿಹಳ್ಳಿಯ ಮನೆಗೆ ಬಂದಾಗ ನಿನ್ನ ಪಕ್ಕದಲ್ಲಿ ಕೂತು ಬೆಳಕಿರುವಾಗಲೇ ಉಣ್ಣುತ್ತಿದ್ದವಳು ನಾನು. ಅದನ್ನು ಮರೆತೆನೇ? ಅಥವಾ ಮಾತ್ರೆ ಬರೆಯುವಾಗ ನಿನ್ನನ್ನು ನೋಡಲೇ ಇಲ್ಲವೇ? ದೀಪಾವಳಿಗೆ ಬರೆದುಕೊಟ್ಟೆ, ಮಾಘದಲ್ಲಿ ನಿನಗೆ ಪಾರ್ಶ್ವವಾಯು ಬಡಿಯಿತು. ಆ ಮಾತ್ರೆ ಹೊಟ್ಟೆ ಸೇರಿದ್ದರೆ ನಿನ್ನ ಎಡಗೈ ಇಂದು ನೆಟ್ಟಗಿರುತ್ತಿತ್ತೇನೋ. ಖಚಿತವಾಗಿ ಹೇಳಲಾರೆ. ಇಲ್ಲವೆಂದೂ ಹೇಳಲಾರೆ.

ಪಕ್ಕದ ಮನೆಯ ಭಾಗಮ್ಮ ಬಂದು ಕೈಗೆ ಎಣ್ಣೆ ತಿಕ್ಕುವುದನ್ನು ಬಿಡಿಸಬೇಡ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಮಗಳು,
ಪದ್ಮಲತಾ

ಮರೆತ ಮಾತು: ಫೋನಿಡುವ ಮುಂಚೆ ನೀನು, "ನಮ್ ಪದ್ಮ ಅಲ್ಲಿದ್ದಾಳಾ? ಮಾತ್ರೆ ವಿಷ್ಯ ಹೇಳ್ಬೇಡಿ, ನೊಂದ್ಕೋತಾಳೆ. ಸುಮ್ನೆ ಅವಳ ದನಿ ಕೇಳೋಣ ಅಂತ" ಎಂದೆ. ಕೃಷ್ಣಪ್ಪನವರು ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನತ್ತ ನೋಡಿದರು. ಇಲ್ಲವೆಂದು ಹೇಳಿ ಅಂತ ತಲೆಯಾಡಿಸಿದವಳು ನಾನೇ, ಅಮ್ಮ.

ನಾಳೆ ರಜೆ, ನಾಡಿದ್ದು ಭಾನುವಾರ. ಸೋಮವಾರ, ಆಗಸ್ಟ್ ೧೭ರಂದು ಇದನ್ನು ಅಂಚೆಗೆ ಹಾಕುತ್ತೇನೆ.